ಹೊಲ ನೋಡದವರ ಪ್ರಶ್ನೆ

೧೯೭೮ರಲ್ಲಿ ಚೆನ್ನಕೇಶವ ಕೃಷ್ಣಗಿರಿ ಬಳಿಯ ಕೃಷಿ ಸಂಶೋಧನಾ ಕೇಂದ್ರವೊಂದರಲ್ಲಿ ಕೆಲಸಕ್ಕಿದ್ದ. ಅಂಚೆಟ್ಟಿ ಕಡೆ ಚಿಕ್ಕಮ್ಮ ರಾಮಕ್ಕನ ಹೊಲದಲ್ಲಿ ಪ್ರಯೋಗ ಮಾಡಿ ತನ್ನ ಮೊದಲ ಪ್ರಬಂಧ ಬರೆದ. ರಾಗಿಯ ನಡುವೆ ಅವರೆಯ ಸಾಲು ಹಾಕಿದರೆ ರಾಗಿ ಒಂದೂವರೆ ಪಟ್ಟು ಬೆಳೆಯುತ್ತದೆ ಎಂಬುದು ಅದರ ಸಾರ. ಮೂರು ಪ್ರತಿ ಟೈಪ್ ಮಾಡಿಸಿ ವಿಜ್ಞಾನ ಪತ್ರಿಕೆಯೊಂದಕ್ಕೆ ಕಳಿಸಿದ.

ಸಂಪಾದಕರು ಅದನ್ನು ಆ ವಿಷಯ ಬಲ್ಲ ಇಬ್ಬರು ವಿಜ್ಞಾನಿಗಳಿಗೆ ಪರಿಶೀಲನೆಗೆ ಕೊಟ್ಟರು. ಅವರು ಯಾರೆಂದು ಬರೆದವನಿಗೆ ತಿಳಿಸುವ ಪದ್ಧತಿಯಿಲ್ಲ. ಐದು ತಿಂಗಳ ಮೇಲೆ ಉತ್ತರ ಬಂತು. ಒಬ್ಬರು ಅಚ್ಚು ಹಾಕಬಹುದು ಎಂದಿದ್ದರು. ಇನ್ನೊಬ್ಬರು ಎರಡು ಪುಟ ಬರೆದಿದ್ದರು: "ನೀವು ಕೊಟ್ಟ ನಕ್ಷೆಯಲ್ಲಿ ಅವರೆ ಹಾಕಿದ ತಾಕುಗಳೆಲ್ಲ ಇಳಿಜಾರಿನ ಕೆಳಗಿವೆ, ಬರೀ ರಾಗಿಯವು ಮೇಲಿವೆ. ಇಳುವರಿ ಹೆಚ್ಚಿದ್ದು ಅವರೆಯಿಂದಲೋ, ಮಣ್ಣಿನಿಂದಲೋ?"

ಚೆನ್ನಕೇಶವನಿಗೆ ಮೈ ಉರಿಯಿತು. ಭಾನುವಾರ ಬಸ್ಸಿಳಿದು, ಆರು ಮೈಲಿ ನಡೆದು ಚಿಕ್ಕಮ್ಮನ ಮನೆ ಮುಟ್ಟಿದರೂ ಗೊಣಗಾಟ ನಿಂತಿರಲಿಲ್ಲ.

"ಹೊಲಾನೇ ನೋಡಿಲ್ಲ ಚಿಕ್ಕಮ್ಮ. ಕುರ್ಚಿ ಮೇಲೆ ಕುಂತ್ಕಂಡು ಮಣ್ಣಿನ ಮಾತಾಡ್ತಾರೆ!"

ರಾಮಕ್ಕ ಮೊರ ಪಕ್ಕಕ್ಕಿಟ್ಟಳು. "ಅವ್ರು ಹೇಳಿರೋದು ದಿಟ ಕಣಪ್ಪ. ಕೆಳಗ್ಡೆ ಏನ್ ಹಾಕಿದ್ರೂ ಚೆನ್ನಾಗ್ ಬತ್ತದೆ. ಮೇಲಿನ ಗೊಬ್ರ ಎಲ್ಲಾ ಮಳೇಲಿ ಅಲ್ಗೇ ಇಳೀತದೆ."

"ಆವಾಗ್ಲೇ ಯಾಕೆ ಹೇಳ್ಲಿಲ್ಲ?"

"ನೀನ್ ಕೇಳಿದ್ಯಾ? ಓದ್ದೋನು, ಗೊತ್ತಿರ್ತದೆ ಅನ್ಕಂಡೆ."

ಅವನಲ್ಲಿ ಕೋಪವಿದ್ದ ಜಾಗದಲ್ಲಿ ಈಗ ನಾಚಿಕೆಯಿತ್ತು.

ಮರುದಿನವೇ ಸಂಪಾದಕರಿಗೆ ಕಾಗದ ಬರೆದು ಕಾಲಾವಕಾಶ ಕೇಳಿದ. ಹೊಲವನ್ನು ಹದಿನಾರು ತಾಕು ಮಾಡಿ, ಯಾವುದರಲ್ಲಿ ಅವರೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದ. ಚೀಟಿ ಎತ್ತಿದವಳು ರಾಮಕ್ಕ. ಎರಡು ವರ್ಷ ಬೆಳೆ ತೆಗೆದ. ಕಾಡುಹಂದಿ ಮೂರು ತಾಕು ತುಳಿದುಹಾಕಿದ್ದನ್ನೂ ಮುಚ್ಚಿಡದೆ ಬರೆದ. ಕೊನೆಗೆ ನೋಡಿದರೆ ರಾಗಿ ಹೆಚ್ಚಿರಲಿಲ್ಲ, ಕಡಿಮೆಯೂ ಆಗಿರಲಿಲ್ಲ. ಅದೇ ಹೊಲದಲ್ಲಿ ಅವರೆ ಮಾತ್ರ ಹೆಚ್ಚುವರಿಯಾಗಿ ಸಿಕ್ಕಿತ್ತು.

"ಇಷ್ಟೇನಾ ಆಗಿದ್ದು ಅನ್ನಿಸ್ತದೆ ಚಿಕ್ಕಮ್ಮ," ಎಂದ.

"ಇರೋದೇ ಅಷ್ಟಾದ್ರೆ ಅಷ್ಟೇ ಬರಿ."

ಹಾಗೇ ಬರೆದ. ಇಬ್ಬರು ಪರಿಶೀಲಕರೂ ಈ ಸಲ ಒಪ್ಪಿದರು. ೧೯೮೨ರಲ್ಲಿ ನಾಲ್ಕು ಪುಟದ ಪ್ರಬಂಧ ಅಚ್ಚಾಯಿತು. ಕೊನೆಯ ಸಾಲಿನಲ್ಲಿ ಹೆಸರು ತಿಳಿಯದ ಪರಿಶೀಲಕರಿಗೂ ರಾಮಕ್ಕನಿಗೂ ಕೃತಜ್ಞತೆ ಹೇಳಿದ್ದ. ಇಂಗ್ಲಿಷಿನಲ್ಲಿದ್ದ ಅದನ್ನು ಕನ್ನಡದಲ್ಲಿ ಓದಿ ಹೇಳಿ ತೋರಿಸಿದಾಗ ಅವಳು ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು.

"ಆ ತಪ್ಪು ತೋರ್ಸಿದೋರ್ನ ಒಂದ್ಸಲ ಊಟಕ್ಕೆ ಕರ್ಕಂಬಾ."

"ಯಾರು ಅಂತ್ಲೇ ಗೊತ್ತಿಲ್ವಲ್ಲ."

"ಇಷ್ಟ್ ಉಪ್ಕಾರ ಮಾಡಿ ಹೆಸ್ರೂ ಹೇಳಕ್ಕಿಲ್ವಾ?" ಎಂದು ರಾಮಕ್ಕ ನಿಜಕ್ಕೂ ನೊಂದುಕೊಂಡಳು.