ನೀರು ನಿಲ್ಲಿಸಿದ ಮೇಸ್ತ್ರಿ

ಆ ದಿನ ಬೆಳಿಗ್ಗೆ ಗಾರೆ ಮೇಸ್ತ್ರಿಯ ಮನೆಯಲ್ಲಿ ನಡೆದದ್ದು ಸಾಮಾನ್ಯ ಸಂಗತಿಯಲ್ಲ. ಕೇಳುವವರು ಒಂದಿಷ್ಟು ನೆಟ್ಟಗೆ ಕೂತು ಕೇಳಬೇಕು. ಮೇಸ್ತ್ರಿಯ ರಸಮಟ್ಟ ಕಾಣೆಯಾಗಿತ್ತು. ನೆಲ ಸಮ ಇದೆಯೋ ಇಲ್ಲವೋ ಎಂದು ಗಾಜಿನೊಳಗಿನ ಗುಳ್ಳೆಯಿಂದ ತೋರಿಸುವ ಆ ಮೊಳದುದ್ದದ ಪಟ್ಟಿಯನ್ನು ಅವನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಮಂಚದ ಕೆಳಗೆ, ಅಟ್ಟದ ಮೇಲೆ, ಕೊನೆಗೆ ಹಿಟ್ಟಿನ ಡಬ್ಬದಲ್ಲೂ ಹುಡುಕಿದ್ದಾಯಿತು.

ಸಿಕ್ಕಿದ್ದು ಮನೆಯ ಹಿಂದಿನ ಇಳಿಜಾರಿನಲ್ಲಿ. ಎರಡು ಕೋಲುಗಳ ತಲೆ ಸೇರಿಸಿ, ಕಾಲು ಅಗಲಿಸಿ, ನಡುವೆ ಅಡ್ಡಕೋಲು ಬಿಗಿದು, ಅದರ ಮೇಲೆ ರಸಮಟ್ಟ ಕಟ್ಟಲಾಗಿತ್ತು. ಆ ಕೋಲುಗಾಲನ್ನು ಹೆಜ್ಜೆ ಹೆಜ್ಜೆಯಾಗಿ ನಡೆಸುತ್ತಿದ್ದವರು ಅವನ ಹೆಂಡತಿ ಮತ್ತು ಗಿಡಗಳ ನರ್ಸರಿ ಇಟ್ಟುಕೊಂಡಿದ್ದ ಪಕ್ಕದ ಮನೆಯಾಕೆ.

ಆ ಇಳಿಜಾರು ಹೆಂಡತಿಗೆ ಅವಳ ತಾಯಿ ಕೊಟ್ಟ ಜಾಗ. ಹುಲ್ಲೂ ಹುಟ್ಟದೆ ಬೋಳಾಗಿ ವರ್ಷಗಳಾಗಿದ್ದವು. ಪ್ರತಿ ಮಳೆಗೂ ಒಂದಿಷ್ಟು ಮಣ್ಣು ರಸ್ತೆಗಿಳಿದು ಹೋಗುತ್ತಿತ್ತು. ಇಟ್ಟಿಗೆ ಗೂಡಿನವನು ಮಣ್ಣು ತೆಗೆಯಲು ಆ ಜಾಗ ಕೇಳಿದ್ದ; ಮಾರಿಬಿಡೋಣ ಎಂದು ಮೇಸ್ತ್ರಿ ಹೇಳುತ್ತಿದ್ದ. ಹೆಂಡತಿ ಒಂದು ಮಳೆಗಾಲದ ಗಡುವು ಕೇಳಿದ್ದಳು. ಅಷ್ಟರಲ್ಲಿ ಏನೂ ಬೆಳೆಯದಿದ್ದರೆ ತಾನೇ ಸಹಿ ಹಾಕುವುದಾಗಿ ಮಾತು ಕೊಟ್ಟಿದ್ದಳು.

ನರ್ಸರಿಯಾಕೆ ಸಮಾಧಾನವಾಗಿ ವಿವರಿಸಿದಳು. ಗುಳ್ಳೆ ನಡುಮಧ್ಯೆ ನಿಂತಲ್ಲಿ ಕೋಲುಗಾಲಿನ ಎರಡು ಪಾದಗಳ ಬಳಿ ಗೂಟ ಹೊಡೆಯುವುದು. ಗೂಟಗಳ ಸಾಲಿನಲ್ಲೇ ಇಳಿಜಾರಿಗೆ ಅಡ್ಡಲಾಗಿ ಕಾಲುವೆ ತೋಡುವುದು. ತೆಗೆದ ಮಣ್ಣನ್ನು ಕೆಳಬದಿಗೆ ಏರಿಸಿ ಬದು ಮಾಡಿ, ಅಲ್ಲಿ ಗಿಡ ನೆಡುವುದು. ಕಾಲುವೆಯ ತಳ ಸಮವಾಗಿದ್ದರೆ ಮಳೆನೀರು ಅಲ್ಲೇ ನಿಂತು ನಿಧಾನವಾಗಿ ಇಂಗುತ್ತದೆ.

ನೀರು ನಿಲ್ಲುವುದು ಎಂಬ ಮಾತಿಗೇ ಮೇಸ್ತ್ರಿಯ ಮೈ ಉರಿಯಿತು.

"ನೋಡಮ್ಮ, ಮೂವತ್ತು ವರ್ಷ ನೀರು ಓಡಿಸಿದ ಕೈ ಇದು. ನೀರು ಹರಿದು ಹೋಗೋ ಹಾಗೆ ಬಚ್ಚಲಿಗೆ ವಾಟ ಕೊಡೋದು ಹೇಗೆ ಅಂತ ಊರಿಗೇ ಕಲಿಸಿದೀನಿ. ನೀರು ನಿಲ್ಲಿಸೋಕೆ ನನ್ನ ರಸಮಟ್ಟನೇ ಬೇಕಿತ್ತಾ ನಿಮಗೆ?"

"ಭಾವ, ಬಚ್ಚಲಿಗೆ ಬಾಯಾರಿಕೆ ಆಗಲ್ಲ," ಎಂದಳು ನರ್ಸರಿಯಾಕೆ. "ಈ ಮಣ್ಣಿಗೆ ಆಗುತ್ತೆ."

ಮೇಸ್ತ್ರಿ ಅಲ್ಲಿದ್ದ ಗುದ್ದಲಿ ಎತ್ತಿಕೊಂಡ. ಇನ್ನೊಬ್ಬರು ಅಗೆಯುವಾಗ ಕೈಕಟ್ಟಿ ನಿಲ್ಲುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಮೇಲಿನ ಕಾಲುವೆಯನ್ನು ಹೆಂಡತಿ ತೋಡಿದಳು, ಕೆಳಗಿನ ಎರಡನ್ನು ಅವನು. ತೋಡುತ್ತ ತೋಡುತ್ತ, ಗೂಟದ ಗುರುತು ಬಿಟ್ಟು, ತಳವನ್ನು ಒಂದು ತುದಿಗೆ ಗೇಣಿನಷ್ಟು ಇಳಿಸಿ ಸದ್ದಿಲ್ಲದೆ ವಾಟ ಕೊಟ್ಟ. ನೀರು ನಿಲ್ಲುವಂಥ ಕೆಲಸ ಮಾಡಿ ಹೆಸರು ಕೆಡಿಸಿಕೊಳ್ಳಲು ಅವನು ತಯಾರಿರಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಮಳೆ ಹಿಡಿಯಿತು. ಮೇಸ್ತ್ರಿ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದ. ಅವನ ಕಾಲುವೆಗಳು ಎಲ್ಲೂ ತಡೆಯದೆ, ಮೆಚ್ಚುವಷ್ಟು ಚೆಂದವಾಗಿ ನೀರು ಓಡಿಸಿದವು. ಓಡಿದ ನೀರು ತುದಿಯ ಬದು ಒಡೆದು, ಹೊಸ ಮಣ್ಣನ್ನೆಲ್ಲ ಹೊತ್ತು ನರ್ಸರಿಯ ಗೇಟಿನ ಮುಂದೆ ಸುರಿಯಿತು. ಹೆಂಡತಿಯ ಕಾಲುವೆ ಮಾತ್ರ ತುಂಬಿ ಸುಮ್ಮನೆ ನಿಂತಿತ್ತು. ಹೆಚ್ಚಾದ ನೀರು, ಅವಳು ಪಕ್ಕದಲ್ಲಿ ಕಲ್ಲು ಹಾಸಿ ಬಿಟ್ಟಿದ್ದ ಕಿಂಡಿಯಿಂದ ಮೆಲ್ಲಗೆ ಇಳಿಯುತ್ತಿತ್ತು. ಅವಳು ಬುಟ್ಟಿ ಹಿಡಿದು ಗೇಟಿನ ಮುಂದಿನ ಮಣ್ಣು ತುಂಬಲು ಹೋದಳು. ಇಷ್ಟು ವರ್ಷದ ಸಂಸಾರದಲ್ಲಿ ಮೇಸ್ತ್ರಿ ಅದಕ್ಕಿಂತ ಗಟ್ಟಿಯಾದ ಮಾತನ್ನು ಕೇಳಿರಲಿಲ್ಲ.

ಮಳೆ ನಿಂತ ಮೂರನೇ ದಿನ ಅವನು ಹಾರೆ ಹಿಡಿದು ಹೋದ. ತನ್ನ ಕಾಲುವೆಯ ಪಕ್ಕ ಊರಿದರೆ ಎರಡು ಬೆರಳಿಗೇ ಠಣ್ ಎಂದಿತು. ಹೆಂಡತಿಯ ಬದುವಿನ ಕೆಳಗೆ ಊರಿದರೆ ಮೊಳದುದ್ದ ಸಲೀಸಾಗಿ ಇಳಿಯಿತು. ಯಾರ ಮಾತನ್ನು ನಂಬದಿದ್ದರೂ ಮೇಸ್ತ್ರಿ ಹಾರೆಯ ಮಾತನ್ನು ನಂಬುವವನು.

"ಲೇ, ಆ ಗೂಟಗಳನ್ನ ಎಲ್ಲಿಟ್ಟಿದೀಯ?"

"ಯಾಕ್ರೀ, ಬಚ್ಚಲು ಕಟ್ತೀರಾ?"

ಅವಳು ನಕ್ಕಳು. ಅವನೂ ನಕ್ಕ.

ಎರಡು ಕಾಲುವೆಗಳೂ ಮಟ್ಟಕ್ಕೆ ಬಂದವು, ಅದೂ ನೆಲಗಾರೆಯ ನಯದಲ್ಲಿ. ಬದುವಿನ ಮೇಲೆ ನುಗ್ಗೆ, ಪಪ್ಪಾಯಿ, ನಡುವೆ ಅಲಸಂದೆ, ಕುಂಬಳ. ಅಕ್ಕಪಕ್ಕದವರು ಗುಡಿಸಿ ಸುಡುತ್ತಿದ್ದ ಎಲೆಯನ್ನೆಲ್ಲ ಮೇಸ್ತ್ರಿ ಮೂಟೆ ಕಟ್ಟಿ ತಂದು ಮಣ್ಣಿಗೆ ಹೊದಿಸಿದ. ಎರಡು ತಿಂಗಳಲ್ಲಿ ಬೋಳು ಇಳಿಜಾರು ಹಸಿರಾಗಿ, ಕುಂಬಳದ ಬಳ್ಳಿ ರಸ್ತೆಯವರೆಗೆ ಕೈಚಾಚಿತು. ನೀರು ನಿಲ್ಲಬೇಕು ಎಂಬುದನ್ನು ಮೇಸ್ತ್ರಿ ತಾನೇ ಕಂಡುಹಿಡಿದವನಂತೆ ಊರಿಗೆಲ್ಲ ಹೇಳಿಕೊಂಡು ತಿರುಗಿದ. ನರ್ಸರಿಯಾಕೆಗೂ ಮೂರು ಸಲ ಹೇಳಿದ; ಅವಳು ಮೂರು ಸಲವೂ ಹೊಸದಾಗಿ ಕೇಳಿದವಳಂತೆ ತಲೆಯಾಡಿಸಿದಳು. ಊರಿನ ಮಹಿಳಾ ಸಂಘದ ಆರು ಮನೆಯವರು ತಮ್ಮ ಹಿತ್ತಲಿಗೂ ಬಂದು ಗುರುತು ಹಾಕಿಕೊಡಲು ಅವನ ಹೆಂಡತಿಯನ್ನು ಕರೆದರು. ಮಳೆಗಾಲ ಮುಗಿದು ಇಟ್ಟಿಗೆ ಗೂಡಿನವನು ಉತ್ತರ ಕೇಳಲು ಬಂದಾಗ, ಮೇಸ್ತ್ರಿ ಅವನನ್ನು ಕೂರಿಸಿಕೊಂಡು ಒಂದು ಗಂಟೆ ಇಂಗುಕಾಲುವೆಯ ಪಾಠ ಹೇಳಿದ. ಬಂದವನು ಒಂದು ಕುಂಬಳಕಾಯಿ ಹೊತ್ತುಕೊಂಡು, ಬಂದ ಕೆಲಸ ಮರೆತು ಹೋದ.

ನಿಮ್ಮ ಮನೆಯ ಹಿಂದೆಯೂ ಇಂಥ ಬೋಳು ಇಳಿಜಾರು ಇದೆಯೇ? ರಸಮಟ್ಟ ಇಲ್ಲದಿದ್ದರೂ ಚಿಂತೆಯಿಲ್ಲ, ಕೋಲುಗಾಲಿನ ತಲೆಯಿಂದ ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟು, ದಾರ ಅಡ್ಡಕೋಲಿನ ನಡುಗುರುತಿಗೆ ಬಂದರೂ ಮಟ್ಟ ತಿಳಿಯುತ್ತದೆ. ಮೇಲಿನಿಂದ ಶುರುಮಾಡಿ. ಹೆಚ್ಚಿನ ನೀರಿಗೊಂದು ಕಲ್ಲಿನ ದಾರಿ ಬಿಡಿ. ಎಲೆ ಸುಡಬೇಡಿ, ಮಣ್ಣಿಗೆ ಹೊದಿಸಿ. ಇಳಿಜಾರು ತೀರಾ ಕಡಿದಾಗಿದ್ದರೆ ತಿಳಿದವರನ್ನು ಕೇಳದೆ ಅಗೆಯಬೇಡಿ. ಮಿಕ್ಕಂತೆ ಕಾಯಬೇಡಿ, ಮಳೆಗೆ ಮುಂಚೆ ಒಂದೇ ಒಂದು ಕಾಲುವೆಯಾದರೂ ಆಗಲಿ.

ಆ ಇಳಿಜಾರು ಈಗಲೂ ಮೇಸ್ತ್ರಿಯ ಹೆಂಡತಿಯ ಹೆಸರಿನಲ್ಲಿದೆ.