ಕಿಟಕಿಯಿಂದ ಬಂದ ಬೆರಳು

ದರ್ಜಿಯ ಮನೆಯಲ್ಲಿ ಬೆಳಗಾಯಿತೆಂದರೆ ಹೊಲಿಗೆ ಯಂತ್ರದ ಸದ್ದು. ಗಂಡ ಹೊಲಿದದ್ದಕ್ಕೆ ಹೆಂಡತಿ ಚೊಂಬುಗಟ್ಟಲೆ ನೀರು ಕುಡಿಯುತ್ತಾ ಗುಂಡಿ ಹಚ್ಚುತ್ತಿದ್ದಳು, ಮಗಳು ಇಸ್ತ್ರಿ ಹಾಕುತ್ತಿದ್ದಳು. ದರ್ಜಿಯ ತಾಯಿ, ಬೀದಿಗೆಲ್ಲ ಅಜ್ಜಿ, ಬಾಗಿಲಲ್ಲಿ ಕಾವಲು. ಆರೋಗ್ಯ ಕಾರ್ಯಕರ್ತೆಯ ನೀಲಿ ಚೀಲ ತಿರುವಿನಲ್ಲಿ ಕಂಡರೆ ಸಾಕು, ಬಾಗಿಲು ಮುಚ್ಚುತ್ತಿತ್ತು.

ಮನೆಮನೆಗೆ ಹೋಗಿ ಸಕ್ಕರೆ ಕಾಯಿಲೆ ಪರೀಕ್ಷಿಸುವ ಕಾರ್ಯಕರ್ತೆಯನ್ನು ಎಲ್ಲರೂ 'ಸಕ್ಕರೆ ಅಕ್ಕ' ಎನ್ನುತ್ತಿದ್ದರು. ಕರೆಯುವುದೇನೋ ಸಿಹಿಯಾಗಿಯೇ, ಒಳಗೆ ಬಿಡುವವರು ಮಾತ್ರ ಕಡಿಮೆ. ಮದುವೆಯ ವಯಸ್ಸಿಗೆ ಬಂದ ಹುಡುಗಿಯಿರುವ ಮನೆಯಲ್ಲಿ ಆ ಕಾಯಿಲೆಯ ಹೆಸರೆತ್ತಬಾರದೆಂಬುದು ರೂಢಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಜಾಣತನ ಇದು.

"ಆಸ್ಪತ್ರೆ ಚೀಟಿ ನೋಡ್ದೆ, ನಿಮ್ಮ ಸೊಸೆಗೆ ಸಕ್ಕರೆ ಜಾಸ್ತಿ ಇದೆ ಅಜ್ಜಿ. ಮಾತ್ರೆ ತಪ್ಪಿಸಿದ್ರೆ ಜೀವಕ್ಕೇ ಅಪಾಯ," ಎಂದಳು ಅಕ್ಕ ಒಂದು ದಿನ, ಮುಚ್ಚುತ್ತಿದ್ದ ಬಾಗಿಲನ್ನು ಹಿಡಿದು.

"ಮೊಮ್ಮಗಳ ಮದುವೆ ಆಗ್ಲಿ ಕಣಮ್ಮ. ತಾಯಿಗಿದ್ರೆ ಮಗಳಿಗೂ ಬರತ್ತೆ ಅಂತಾರೆ. ಊರ ಬಾಯಿಗೆ ಬೀಗ ಹಾಕೋರು ಯಾರು?"

"ಮದುವೆ ಹೊತ್ತಿಗೆ ತಾಯಿ ಇರಬೇಡ್ವಾ?"

ಅಜ್ಜಿ ಯೋಚಿಸಿ ದಾರಿಯೊಂದನ್ನು ಹುಡುಕಿದಳು. "ಮಾತ್ರೆ ಕೊಟ್ಟು ಹೋಗು. ತಿಂಗಳಿಗೊಂದು ಸಲ ಹಿಂದಿನ ಕಿಟಕಿಗೆ ಬಾ, ಬೆರಳು ಕೊಡ್ತಾಳೆ."

ಆರು ತಿಂಗಳು ಹಾಗೇ ನಡೆಯಿತು. ಪರದೆಯ ಸಂದಿಯಿಂದ ಬೆರಳೊಂದು ಬರುತ್ತಿತ್ತು, ಅಕ್ಕ ಚುಚ್ಚಿ ರಕ್ತದ ಸಕ್ಕರೆ ಅಳೆಯುತ್ತಿದ್ದಳು. ತೊಂಬತ್ತಾರು. ನೂರೆರಡು. ಮಾತ್ರೆ ಹಿಡಿಯಿತೆಂದು ಅವಳಿಗೆ ಹಿಗ್ಗು. ಗುಂಡಿ ಹಚ್ಚುವವರ ಬೆರಳ ತುದಿ ಸೂಜಿ ತಾಗಿ ತಾಗಿ ಗಟ್ಟಿಯಾಗಿರುತ್ತದೆ. ಈ ಬೆರಳು ಮೆತ್ತಗಿತ್ತು. ಅದು ಅವಳಿಗೆ ಹೊಳೆಯಲೇ ಇಲ್ಲ.

ಏಳನೆಯ ತಿಂಗಳು ಅಕ್ಕ ಹೋದಾಗ ಮುಂಬಾಗಿಲು ತೆರೆದಿತ್ತು, ಜನ ಸೇರಿದ್ದರು. ದರ್ಜಿಯ ಹೆಂಡತಿಯ ಅಂಗಾಲಿಗೆ ಸೂಜಿ ಹೊಕ್ಕು ಹತ್ತು ದಿನವಾಗಿತ್ತಂತೆ. ಕಾಲು ಜೋಮುಗಟ್ಟಿದ್ದರಿಂದ ಅವಳಿಗೆ ಗೊತ್ತೇ ಆಗಿರಲಿಲ್ಲ. ಕೀವಾಗಿ, ನಂಜೇರಿ, ಪ್ರಾಣ ಹೋಗಿತ್ತು.

ಮಗಳು ಅಕ್ಕನನ್ನು ಮೂಲೆಗೆ ಕರೆದಳು. "ಕಿಟಕೀಲಿ ಕೊಡ್ತಿದ್ದಿದ್ದು ನನ್ನ ಬೆರಳು ಅಕ್ಕ. ಸಕ್ಕರೆ ಜಾಸ್ತಿ ಬಂದ್ರೆ ನೀವು ಆಸ್ಪತ್ರೆಗೆ ಕಳಿಸ್ತೀರಿ, ಊರಿಗೆ ಗೊತ್ತಾಗತ್ತೆ ಅಂತ ಅಜ್ಜಿ ಹೇಳಿದ್ರು. ಅಮ್ಮನೂ ಹೂಂ ಅಂದ್ಲು. ಮಾತ್ರೆ ಒಂದೂ ನುಂಗಿಲ್ಲ, ಎಲ್ಲಾ ಹಿಟ್ಟಿನ ಡಬ್ಬೀಲಿದೆ."

ಅಕ್ಕನಿಗೆ ಬೇರೆ ಯಾರ ಮೇಲೂ ಸಿಟ್ಟು ಬರಲಿಲ್ಲ, ತನ್ನ ಮೇಲೆಯೇ ಬಂತು. ಒಂದು ಸಲ ಒಳಗೆ ಹೋಗಿ ಮುಖ ನೋಡಿದ್ದರೆ ಸಾಕಿತ್ತು.

"ಎದೆ ನೋವು ಅಂತ ಹೇಳಿದ್ದೀವಿ," ಎಂದಳು ಅಜ್ಜಿ ಹಿಂದಿನಿಂದ. "ನೀನೂ ಹಾಗೇ ಬರ್ಕೋ."

ಮದುವೆ ನಡೆಯಿತು. ಎರಡು ವರ್ಷದ ಮೇಲೆ ಅಕ್ಕ ಇನ್ನೊಂದು ಬೀದಿಯಲ್ಲಿ ಆ ಹುಡುಗಿ ಸೇರಿದ ಮನೆಯ ಬಾಗಿಲು ತಟ್ಟಿದಳು.

"ನಮ್ಮನೇಲಿ ಯಾರಿಗೂ ಇಲ್ಲಮ್ಮ. ನಮ್ಮ ಸೊಸೆ ತಾಯಿ ಕಡೇಲೂ ಇಲ್ಲ, ವಿಚಾರಿಸೇ ತಂದಿದ್ದು," ಎಂದಳು ಅತ್ತೆ.

ಒಳಗೆ ಬಸುರಿ ಸೊಸೆ ಚೊಂಬು ನೀರನ್ನು ಒಂದೇ ಉಸಿರಿಗೆ ಕುಡಿದು, ಮತ್ತೆ ತುಂಬಿಕೊಂಡಳು. ಅಕ್ಕನನ್ನು ನೋಡಿದವಳೇ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಟ್ಟಳು.