ಕೌದಿಯ ಕೊನೆಯ ಮೂಲೆ

ಯಶೋಧರಾಳ ಎಣ್ಣೆಬಣ್ಣದ ಚಿತ್ರ ಮುಂಬೈಯಲ್ಲಿ ಹರಾಜಿಗಿದೆ ಎಂದು ಪತ್ರಿಕೆಯಲ್ಲಿ ಬಂದಾಗ ಅವಳಿರುವ ಆಳಂದದ ಮಂದಿ ಮೂಗಿನ ಮೇಲೆ ಬೆರಳಿಟ್ಟರು. ಪತ್ರಿಕೆಯಲ್ಲಿದ್ದ ಚಿತ್ರ ನೋಡಿದರೆ ತಲೆಬುಡ ತಿಳಿಯುತ್ತಿರಲಿಲ್ಲ. ಕಪ್ಪು ಬಾವಿ, ದಂಡೆಯಲ್ಲಿ ಮುಖವಿಲ್ಲದ ಎರಡು ಆಕೃತಿ, ಮೂಲೆಯಲ್ಲಿ ಕೌದಿಯಂತೆ ತೇಪೆ ತೇಪೆ ಬಣ್ಣ.

ತಿಳಿಯಬೇಕಾದವರಿಗೆ ತಿಳಿಯುವಂತಿತ್ತು. ಹತ್ತಿರದ ಹಳ್ಳಿ ಕಿಣ್ಣಿ ಸುಲ್ತಾನದಲ್ಲಿ ಅವಳ ಅಣ್ಣ ಜೈಭೀಮ ಕಾಲು ಜಾರಿ ಬಾವಿಗೆ ಬಿದ್ದನೆಂದು ಪೊಲೀಸರು ಬರೆದುಕೊಂಡು ಹೋಗಿದ್ದರು. ನೂಕಿದವನು ಸಾವ್ಕಾರ ಜಗದೇವಪ್ಪ. ಕಂಡವಳು ಒಬ್ಬಳೇ, ಕೌದಿ ಹೊಲಿಯುವ ಮುದುಕಿ ತುಳಜಾಬಾಯಿ. ತನ್ನ ಹೆಸರು ಎಲ್ಲೂ ಬರಬಾರದೆಂದು ಯಶೋಧರಾಳಿಂದ ಆಣೆ ಮಾಡಿಸಿಕೊಂಡೇ ಅವಳು ಬಾಯಿ ಬಿಟ್ಟಿದ್ದಳು. ಯಶೋಧರಾ ಹೆಸರು ಬರೆಯಲಿಲ್ಲ, ಮುಖವನ್ನೂ ಬರೆಯಲಿಲ್ಲ. ಅಣ್ಣನಿಗಾಗಿ ಅತ್ತ ಆ ಜೀವವನ್ನು ಪೂರ್ತಿ ಬಿಟ್ಟುಬಿಡಲು ಮನಸ್ಸು ಬಾರದೆ ಅವಳದೇ ಒಂದು ಕೌದಿಯನ್ನು ಮೂಲೆಯಲ್ಲಿ ಬರೆದಳು.

ಹರಾಜಿನ ದಿನ ಮಧ್ಯಾಹ್ನ ಅವಳು ಮೊಬೈಲ್ ಹಿಡಿದು ಕೂತಿದ್ದಳು. ಸವಾಲು ಏರುತ್ತ ಹೋಯಿತು. ಉಳಿದವರೆಲ್ಲ ಹಿಂದೆ ಸರಿದರೂ ಒಬ್ಬ ಬಿಡಲೊಲ್ಲ. ಅವಳಿಗೆ ಹಿಗ್ಗೋ ಹಿಗ್ಗು. ಆಮೇಲೆ ಹರಾಜು ಕಚೇರಿಯ ಹುಡುಗಿ ಫೋನು ಮಾಡಿ, ಕೊಂಡವರು ನಿಮ್ಮ ಕಡೆಯವರೇ, ಜಗದೇವಪ್ಪ ಅಂತ, ಮೂಲೆಯ ಫೋಟೊ ದೊಡ್ಡದು ಮಾಡಿ ಕಳಿಸಿರೆಂದು ನಿನ್ನೆಯೇ ಕೇಳಿ ತರಿಸಿಕೊಂಡಿದ್ದರು ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆದರೆ ಈ ಕಳ್ಳ ನೋಡಿದ್ದು ತನ್ನ ಹೆಗಲನ್ನಲ್ಲ. ಯಶೋಧರಾ ಮೊಬೈಲಿನಲ್ಲಿ ಚಿತ್ರದ ಆ ಮೂಲೆಯನ್ನು ದೊಡ್ಡದು ಮಾಡಿ ನೋಡಿದಳು. ಕೌದಿಯ ಕೊನೆಯ ಮೂಲೆಯನ್ನು ಒಬ್ಬೊಬ್ಬ ಹೆಂಗಸು ಒಂದೊಂದು ರೀತಿ ಮುಚ್ಚುತ್ತಾಳೆ. ಒಂದರ ಮೇಲೊಂದು ಮೂರು ಕೆಂಪು ತೇಪೆ ಹಾಕುವವಳು ಊರಲ್ಲೆಲ್ಲ ತುಳಜಾಬಾಯಿ ಒಬ್ಬಳೇ. ಆ ಮೂರನ್ನೂ ಯಶೋಧರಾ ಪ್ರೀತಿಯಿಂದ ಇದ್ದಹಾಗೇ ಬರೆದಿದ್ದಳು. ಮುಂಬೈಯವರಿಗೆ ಅದು ಬರೀ ಬಣ್ಣ. ಸಾವ್ಕಾರನ ಮನೆಯಲ್ಲೋ ಆ ಮುದುಕಿ ಹೊಲಿದ ನಾಲ್ಕು ಕೌದಿಗಳಿವೆ. ಎಂಥ ದಡ್ಡಿ ನಾನು ಎಂದು ಹಣೆ ಚಚ್ಚಿಕೊಂಡು ಅವಳು ಕಿಣ್ಣಿ ಸುಲ್ತಾನಕ್ಕೆ ಫೋನು ಹಚ್ಚಿದಳು.

"ಕಾಕಿ, ಈಗಿಂದೀಗ ನನ್ನ ಮನಿಗಿ ಬಂದುಬಿಡು."

"ಈಗ ಹ್ಯಾಂಗ ಬರ್ಲಿ ಬೇ," ತುಳಜಾಬಾಯಿ ಪಿಸುಗುಟ್ಟಿದಳು. "ಕೌದಿ ಹೊಲ್ಯಾಕ ಸಾವ್ಕಾರ್ರು ಕರಿಸ್ಯಾರ. ಕಾರ್ ಬಾಗಲಿಗಿ ಬಂದದ. ಒಲ್ಲೆ ಅಂದ್ರ ಸಂಶೆ ಬರ್ತದ. ಅವ್ರಿಗೇನ್ ಗೊತ್ತದ, ಹೋಗಿ ಬರ್ತೇನಿ."

"ಗೊತ್ತದ ಕಾಕಿ. ನಾನೇ ತೋರ್ಸೀನಿ."

ಆ ಕಡೆ ಕಾರಿನ ಬಾಗಿಲು ಹಾಕಿಕೊಂಡ ಸದ್ದಾಯಿತು. ಅವಳ ಮಾತು ಮುದುಕಿಗೆ ಕೇಳಿತೋ ಇಲ್ಲವೋ, ಫೋನು ಕಟ್ಟಾಯಿತು.